ಸಮ್ಮೇಳನಕ್ಕೆ ಹೋದ ಹಪ್ಪಳದಮ್ಮ

“ಹಪ್ಪಳ ಒತ್ತೋಳಿಗೆ ಕಂಪ್ಯೂಟರ್ ಸಮ್ಮೇಳನವೇನೇ? ಅಲ್ಲಿ ಹೋಗಿ ಏನು ಲಟ್ಟಿಸ್ತೀಯ?” ಎಂದು ನಮ್ಮೆಜಮಾನರು ಕೇಳಿದಾಗ ನನಗೆ ರೇಗಿತು ನಿಜ. ಆದರೆ ಅದೇ ಪ್ರಶ್ನೆ ನನ್ನ ಮನಸ್ಸಿನಲ್ಲೂ ಕೂತಿತ್ತು ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ನಮ್ಮೂರು ಘಾಟಿ ಸುಬ್ರಹ್ಮಣ್ಯ. ನೀವು ಬಂದಿರಬಹುದು. ನಾಗಪ್ರತಿಷ್ಠೆ ಮಾಡಿಸಲೆಂದೋ, ಮಕ್ಕಳಾಗಲೆಂದು ಹರಕೆ ಹೊತ್ತೋ, ಪುಷ್ಯಮಾಸದ ಷಷ್ಠಿಯ ರಥೋತ್ಸವಕ್ಕೋ, ದನಗಳ ಜಾತ್ರೆಗೋ ಜನ ಬರುತ್ತಲೇ ಇರುತ್ತಾರೆ. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಸಾಲಾಗಿರುವ ಹಣ್ಣುಕಾಯಿ ಅಂಗಡಿಗಳಲ್ಲಿ ನಮ್ಮದೂ ಒಂದು. 2020ರಲ್ಲಿ ಕೊರೋನಾ ಬಂದು ಗುಡಿಯ ಬಾಗಿಲು ಮುಚ್ಚಿದಾಗ ನಮ್ಮ ಅಂಗಡಿಯ ಬಾಗಿಲೂ ಮುಚ್ಚಿತು. ಆಮೇಲೆ ತೆರೆದರೂ ಬಹಳ ದಿನ ಭಕ್ತರೇ ಇಲ್ಲ. ಆಗ ಮನೆ ನಡೆದದ್ದು ನಾನು ಒತ್ತಿದ ಹಪ್ಪಳ, ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ, ಸಾರಿನ ಪುಡಿಯಿಂದ. ಎಲ್ಲ ನಮ್ಮತ್ತೆಯವರು ಕಲಿಸಿದ ಹದ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಮೊದಲ ಸಲ ನನ್ನ ಸೆರಗಿನ ತುದಿಯಲ್ಲಿ ನನ್ನದೇ ದುಡ್ಡು! ಆ ಸುಖ ಅನುಭವಿಸಿದವರಿಗೇ ಗೊತ್ತು.

ದೊಡ್ಡ ಮಗಳು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ವೆಬ್‌ಸೈಟು ಕಟ್ಟುವುದೇ ಅವಳ ಕೆಲಸ. 2023ರ ದೀಪಾವಳಿಗೆ ಊರಿಗೆ ಬಂದವಳು ಲ್ಯಾಪ್‌ಟಾಪ್ ತೆರೆದು, “ಅಮ್ಮಾ, ಕಣ್ಮುಚ್ಚು” ಎಂದಳು. ಕಣ್ಣು ತೆರೆದರೆ ನನ್ನ ಹಪ್ಪಳದ ಅಂಗಡಿ! ಮೇಲೆ ನಮ್ಮೂರಿನ ಗೋಪುರ, ಅದರ ಮುಂದೆ ಮಲ್ಲಿಗೆ ಹೂವು ಮೆಲ್ಲಗೆ ಉದುರುತ್ತಿದೆ. ಕೆಳಗೆ ಅತ್ತೆಯವರು ಹಿತ್ತಲಿನ ಚಾಪೆಯ ಮೇಲೆ ಹಪ್ಪಳ ಹರವುತ್ತಿರುವ ಫೋಟೊ. ಅದರ ಕೆಳಗೆ ನಾನು ಮೆಣಸಿನಕಾಯಿ ಸೀಳುತ್ತಿರುವ ವೀಡಿಯೊ. ಬಳುಕುವ ಕನ್ನಡ ಅಕ್ಷರಗಳು. ನನಗೆ ಗಂಟಲು ಕಟ್ಟಿತು. ಅತ್ತೆಯವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಅವಳು ಬೆಂಗಳೂರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ನನ್ನ ಫೋನಿನಲ್ಲಿ ಆ ಅಂಗಡಿ ತೆರೆಯಲು ನೋಡಿದೆ. ಬಿಳೀ ಪರದೆ. ಅನ್ನಕ್ಕಿಟ್ಟು ಬಂದು ನೋಡಿದರೂ ಬಿಳೀ ಪರದೆ. ಕೊನೆಗೆ ಗೋಪುರದ ಅರ್ಧ ಬಂತು, ಹೂವು ಒಂದೆರಡು ಉದುರಿ ಅಲ್ಲೇ ನಿಂತುಬಿಟ್ಟವು. ನಮ್ಮೂರು ಗುಡ್ಡಗಳ ನಡುವೆ ಇದೆ, ಸಿಗ್ನಲ್ಲು ಅಷ್ಟಕ್ಕಷ್ಟೆ. ನನ್ನ ಫೋನೋ ಮಗಳು ಕಾಲೇಜಿನಲ್ಲಿ ಬಳಸಿ ಬಿಟ್ಟದ್ದು. ನನ್ನದೇ ತಪ್ಪೆಂದುಕೊಂಡೆ. ರಾತ್ರಿ ಅವಳು ಫೋನು ಮಾಡಿ, “ನೋಡಿದ್ಯೇನಮ್ಮ? ಹೆಂಗಿದೆ?” ಎಂದಾಗ, “ತುಂಬಾ ಚೆನ್ನಾಗಿದೆ ಕಣೇ” ಎಂದುಬಿಟ್ಟೆ.

ಒಂದು ಸುಳ್ಳು ಹೇಳಿದರೆ ಅದಕ್ಕೆ ಹತ್ತು ಸುಳ್ಳು ಒತ್ತಾಸೆ ಕೊಡಬೇಕಾಗುತ್ತದೆ. ಜಾತ್ರೆಯಲ್ಲಿ ನಮ್ಮ ಹಪ್ಪಳ ಒಯ್ದಿದ್ದ ತುಮಕೂರಿನ ಹಿರಿಯರೊಬ್ಬರು ಫೋನು ಮಾಡಿ, “ನಿಮ್ಮ ವೆಬ್‌ಸೈಟು ತೆರೆಯೋದೇ ಇಲ್ವಲ್ಲ ತಾಯಿ, ನಂಗೇ ಬರಲ್ವೋ ಏನೋ” ಎಂದರು. “ನೀವು ಹೇಳಿ ಅಮ್ಮ, ನಾನು ಬರ್ಕೊತೀನಿ” ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ. ಹೀಗೇ ಇನ್ನಿಬ್ಬರು, ಮೂವರು. ಫೋನು ಮಾಡುವಷ್ಟು ಪ್ರೀತಿ ಇದ್ದವರು ಮಾಡಿದರು. ಮಾಡದೆ ಹೋದವರ ಲೆಕ್ಕ ಯಾವ ಪುಸ್ತಕದಲ್ಲಿದೆ? ಒಂದು ವರ್ಷದಲ್ಲಿ ಆ ಚೆಂದದ ಅಂಗಡಿಯ ಮೂಲಕ ಬಂದ ಆರ್ಡರು ಹನ್ನೊಂದು. “ಯಾಕಮ್ಮ ಇಷ್ಟು ಕಮ್ಮಿ? ರುಚಿ ಏನಾದ್ರೂ ಕೆಟ್ಟಿದ್ಯಾ?” ಎಂದು ಮಗಳು ಕೇಳಿದಾಗ, “ಜನಕ್ಕೆ ಈಗ ಹಪ್ಪಳ ಬೇಡ ಕಣೆ, ಕುರ್ಕುರೆ ಬೇಕು” ಎಂದೆ. ನನ್ನ ಕೈರುಚಿಯ ಮೇಲೇ ಆಪಾದನೆ ಹೊತ್ತುಕೊಂಡೆನೇ ಹೊರತು ಅವಳ ಮುಖ ಬಾಡುವುದು ನನಗೆ ಬೇಡವಾಗಿತ್ತು.

ಇಂಥ ಹೊತ್ತಿನಲ್ಲಿ ಬಂತು ಈ ಸಮ್ಮೇಳನ. ಅವಳ ಜೊತೆ ಕೆಲಸ ಮಾಡುವ ಹುಡುಗಿಗೆ ಜ್ವರ ಬಂದು ಒಂದು ಟಿಕೆಟ್ಟು ಮಿಕ್ಕಿತ್ತು. “ಸುಮ್ಮನೆ ಕೂತ್ಕೊಂಡು ನೋಡು, ನಾನು ಏನ್ ಮಾಡ್ತೀನಿ ಅನ್ನೋದಾದ್ರೂ ತಿಳಿಯುತ್ತೆ” ಎಂದು ಕರೆದಳು. ಮುಂಜಾನೆ ಎದ್ದು, ಇವರಿಗೆ ಉಪ್ಪಿಟ್ಟು ಕೆದಕಿಟ್ಟು, ದೊಡ್ಡಬಳ್ಳಾಪುರಕ್ಕೆ ಹೋಗಿ ಬೆಂಗಳೂರು ಬಸ್ಸು ಹಿಡಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡು ತೋರಿಸಿದರೆ ಸಾಕಾಗಿತ್ತು. ‘ಬಸ್ಸಿನ ಖರ್ಚು ದಂಡ’ ಎನ್ನಲು ಇವರಿಗೂ ಬಾಯಿರಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಕತ್ತಿಗೆ ತೂಗುಹಾಕಿಕೊಳ್ಳಲು ಚೀಟಿ ಕೊಡುತ್ತಿದ್ದರು. “ಮೇಡಮ್, ಯಾವ ಕಂಪನಿ?” ಎಂದ ಹುಡುಗ. ನಾನು ತಬ್ಬಿಬ್ಬಾಗಿ “ಘಾಟಿ” ಎಂದೆ. ಅವನು ನಗಲಿಲ್ಲ, ಹಾಗೇ ಬರೆದುಕೊಟ್ಟ. ಆ ಚೀಟಿ ಈಗಲೂ ದೇವರ ಗೂಡಿನ ಮೊಳೆಗೆ ತೂಗುತ್ತಿದೆ. ಒಳಗೆ ಎಲ್ಲ ನನ್ನ ಮಕ್ಕಳ ವಯಸ್ಸಿನವರು, ತೊಡೆಯ ಮೇಲೆ ಕಂಪ್ಯೂಟರು. ರೇಷ್ಮೆ ಸೀರೆ ಉಟ್ಟು ಹೋದವಳು ನಾನೊಬ್ಬಳೇ. ಮದುವೆ ಮನೆಯೇನೋ ಎಂಬಂತೆ! ಬೆಂಗಳೂರಿನಲ್ಲಿ ಇಂಥ ಕೂಟಗಳು ಹೊಸದಲ್ಲವಂತೆ. ಹ್ಯಾಸ್‌ಗೀಕ್ ಎಂಬುವರು 2011ರಲ್ಲೇ ಜೆಎಸ್‌ಫೂ ಎಂಬ ಹೆಸರಿನಲ್ಲಿ ನಡೆಸಿದ್ದರೆಂದು ಮಗಳು ಹೇಳಿದಳು. ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಇಲ್ಲಿನ ಪದ್ಧತಿ. ನಾವು ಹಪ್ಪಳದ ಹಿಟ್ಟು ಕಲೆಸುವಾಗ ಓಣಿಯವರೆಲ್ಲ ಸೇರಿ ಮಾಡುವುದೂ ಅದೇ ಅಲ್ಲವೇ?

ಮೊದಲ ಎರಡು ಭಾಷಣ ನನ್ನ ತಲೆಯ ಮೇಲೆ ಹಾದುಹೋದವು. ಮೂರನೆಯದು ಒಬ್ಬ ಹೆಣ್ಣುಮಗಳದು. ವಿಷಯ: ವೆಬ್‌ಸೈಟು ಬೇಗ ತೆರೆಯುವಂತೆ ಮಾಡುವುದು ಹೇಗೆ. ನಾನು ನೆಟ್ಟಗೆ ಕೂತೆ. ಇಂಗ್ಲಿಷು ನನಗೆ ಎಸ್ಸೆಸ್ಸೆಲ್ಸಿ ಮಟ್ಟದ್ದು, ಆದರೂ ಚಿತ್ರಗಳಿದ್ದವು, ಮಗಳು ಕಿವಿಯಲ್ಲಿ ಹೇಳುತ್ತಿದ್ದಳು.

ಆಕೆ ಹೇಳಿದ ಒಂದು ಲೆಕ್ಕ ಎದೆಗೆ ನಾಟಿತು. 2016ರಲ್ಲಿ ಗೂಗಲ್‌ನವರು ಪ್ರಕಟಿಸಿದ್ದಂತೆ: ಮೊಬೈಲಿನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚಾದರೆ, ಬಂದವರಲ್ಲಿ ನೂರಕ್ಕೆ 53 ಮಂದಿ ಕಾಯದೆ ಹೊರಟುಹೋಗುತ್ತಾರೆ. ಮೂರೇ ಸೆಕೆಂಡು! ಬಾಗಿಲು ತಟ್ಟಿದವರಿಗೆ ‘ಬಂದೆ’ ಎನ್ನುವಷ್ಟು ಹೊತ್ತು. ನನ್ನ ಹನ್ನೊಂದು ಆರ್ಡರಿನ ಕಥೆ ಆಗಲೇ ನನಗೆ ಅರ್ಥವಾಗಿಹೋಯಿತು. ಮಗಳ ಕಡೆ ನೋಡಲಿಲ್ಲ.

ಪುಟ ನಿಧಾನವಾಗುವುದು ಏಕೆ? ತೂಕದಿಂದ. ನಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ನಾಲ್ಕೈದು ಮೆಗಾಬೈಟ್ ಇರುತ್ತದೆ. ಅದನ್ನು ಹಾಗೇ ಹಾಕಿದರೆ, ಅಂಗೈಯಗಲದ ಪರದೆಯಲ್ಲಿ ತೋರಿಸಲು ಗೋಡೆಯಗಲದ ಚಿತ್ರವನ್ನು ಹೊತ್ತು ತಂದಂತೆ. ಅಳತೆಗೆ ತಗ್ಗಿಸಿ, ವೆಬ್‌ಪಿ ಎಂಬ ರೂಪಕ್ಕೆ ಬದಲಿಸಿದರೆ ನೂರು ಕಿಲೋಬೈಟಿಗೂ ಇಳಿಸಬಹುದು, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕಿಂತ ತಾಪತ್ರಯದ್ದು ಜಾವಾಸ್ಕ್ರಿಪ್ಟು. ಹೂವು ಉದುರಿಸುವುದು, ಚಿತ್ರ ಜಾರಿಸುವುದು ಎಲ್ಲ ಅದರ ಕೈಚಳಕ. ಫೋಟೊ ಬಂದರೆ ಬಂತು, ತೋರಿಸಿದರಾಯಿತು. ಜಾವಾಸ್ಕ್ರಿಪ್ಟು ಬಂದ ಮೇಲೂ ಅದನ್ನು ಓದಿ, ಅದರಂತೆ ನಡೆಯಲು ಫೋನೇ ದುಡಿಯಬೇಕು. ಸಾವಿರಾರು ರೂಪಾಯಿಯ ಹೊಸ ಫೋನು ಚಕಚಕನೆ ಮಾಡುತ್ತದೆ, ನನ್ನಂಥವರ ಹಳೇ ಫೋನು ಏದುಸಿರು ಬಿಡುತ್ತದೆ. 2007ರಲ್ಲಿ ಸ್ಟೀವ್ ಸೌಡರ್ಸ್ ಎಂಬಾತ, ಆಗ ಯಾಹೂ ಕಂಪನಿಯಲ್ಲಿದ್ದವರು, ಒಂದು ಪುಸ್ತಕ ಬರೆದು, ಜನ ಕಾಯುವ ಹೊತ್ತಿನಲ್ಲಿ ನೂರಕ್ಕೆ 80ರಿಂದ 90 ಪಾಲು ಹೋಗುವುದು ಈ ಚಿತ್ರ, ಅಲಂಕಾರ, ಸ್ಕ್ರಿಪ್ಟುಗಳನ್ನು ತಂದು ಜೋಡಿಸುವುದರಲ್ಲೇ ಎಂದು ತೋರಿಸಿದರಂತೆ. ಅಂದರೆ ಅಡುಗೆ ಬೇಗ ಆಗಿದ್ದರೂ ಬಡಿಸುವಲ್ಲಿ ತಡ!

ಬಡಿಸುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪಂಕ್ತಿಯಲ್ಲಿ ಎಲೆ ಹಾಕಿ, ಮೊದಲು ಉಪ್ಪು, ಕೋಸಂಬರಿ, ಪಲ್ಯ ಬಡಿಸುತ್ತೇವೆ. ಒಳಗೆ ಪಾಯಸ ಇನ್ನೂ ಕುದಿಯುತ್ತಿದ್ದರೂ ಕೂತವರಿಗೆ ಊಟ ಶುರುವಾಯಿತೆಂಬ ಸಮಾಧಾನ. ಆಕೆ ಹೇಳಿದ್ದೂ ಇದನ್ನೇ. ತೆರೆದ ತಕ್ಷಣ ಕಣ್ಣಿಗೆ ಬೀಳುವುದನ್ನು ಮೊದಲು ಕಳಿಸಿ, ಕೆಳಗಿನ ಚಿತ್ರಗಳನ್ನು ಓದುವವರು ಕೆಳಗೆ ಬಂದಾಗ ಕಳಿಸಿ. ಎಲ್ಲ ಸಿದ್ಧವಾಗುವ ತನಕ ಬರೀ ಎಲೆ ಮುಂದೆ ಕೂರಿಸಬೇಡಿ. ನನ್ನ ಬಿಳೀ ಪರದೆ ಎಂದರೆ ಆ ಬರೀ ಎಲೆಯೇ.

ಇದಕ್ಕೆಲ್ಲ ಈಗ ಅಳತೆಗೋಲೂ ಇದೆ. ಗೂಗಲ್‌ನವರು 2020ರಲ್ಲಿ ಗೊತ್ತುಮಾಡಿದ ಪ್ರಕಾರ ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ ಗುಂಡಿಗೆ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಉತ್ತರ ಬರಬೇಕು. ಈ ಅಳತೆ 2024ರ ಮಾರ್ಚಿನಲ್ಲಿ ಸೇರಿದ್ದು. ಮೂರನೆಯದು, ಓದುತ್ತಿರುವಾಗ ಪುಟ ಅಲ್ಲಾಡಬಾರದು. ಇದು ಕೇಳಿ ನನಗೆ ನಗು ಬಂತು. ಒಂದು ಸಲ ‘ಬೇಡ’ ಎನ್ನುವುದನ್ನು ಒತ್ತಲು ಹೋದಾಗ ಮೇಲಿಂದ ಜಾಹೀರಾತು ಬಂದು ಕೂತು, ನನ್ನ ಬೆರಳು ‘ಖರೀದಿಸಿ’ ಮೇಲೆ ಬಿದ್ದು, ನಾಲ್ಕು ದಿನಕ್ಕೆ ಮನೆಗೆ ಬೇಡದ ಚಪಾತಿ ಮಣೆ ಬಂದಿತ್ತು. ಇವರ ಕೈಲಿ ಆಡಿಸಿಕೊಂಡಿದ್ದೆ. ತಪ್ಪು ನನ್ನದಲ್ಲವೆಂದು ಅಂದು ಗೊತ್ತಾಯಿತು ನೋಡಿ!

ಬೆಂಗಳೂರಿನದೇ ಒಂದು ಉದಾಹರಣೆಯನ್ನೂ ಕೊಟ್ಟರು. ಫ್ಲಿಪ್‌ಕಾರ್ಟ್‌ನವರು 2015ರಲ್ಲಿ ಮೊಬೈಲಿನ ವೆಬ್‌ಸೈಟು ಮುಚ್ಚಿ, ಎಲ್ಲರೂ ಆ್ಯಪ್ ಹಾಕಿಕೊಳ್ಳಲಿ ಎಂದಿದ್ದರು. ಅದೇ ವರ್ಷದ ನವೆಂಬರಿನಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹಗುರವಾದ ವೆಬ್‌ಸೈಟು ಮಾಡಿ ಬಾಗಿಲು ಮತ್ತೆ ತೆರೆದರು. ಅದಕ್ಕೆ ಬರುತ್ತಿದ್ದವರಲ್ಲಿ ನೂರಕ್ಕೆ 63 ಮಂದಿ ನಿಧಾನದ 2ಜಿ ಸಂಪರ್ಕದವರಂತೆ. ಒಮ್ಮೆ ತೆರೆದದ್ದನ್ನು ಫೋನಿನಲ್ಲೇ ಎತ್ತಿಟ್ಟುಕೊಂಡು, ಮತ್ತೆ ಬಂದಾಗ ಅದನ್ನೇ ತೋರಿಸುವ ಉಪಾಯ. ಸಾಸಿವೆ ಜೀರಿಗೆಗೆ ದಿನಾ ಅಂಗಡಿಗೆ ಓಡುತ್ತೇವೆಯೇ? ಒಗ್ಗರಣೆ ಡಬ್ಬಿ ಒಲೆ ಪಕ್ಕದಲ್ಲೇ ಇರುತ್ತದಲ್ಲ, ಹಾಗೆ.

ಇಷ್ಟಾದ ಮೇಲೆ ಆಕೆ ಸಭೆಗೆ ಒಂದು ಮಾತು ಹೇಳಿದರು. “ನೀವು ಕಟ್ಟಿದ ವೆಬ್‌ಸೈಟನ್ನು ನಿಮ್ಮ ಪಕ್ಕದಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ ಈಗಲೇ ತೆರೆದು ನೋಡಿ.” ಎಲ್ಲರೂ ಅತ್ತಿತ್ತ ನೋಡಿ ನಕ್ಕರು, ಅಲ್ಲಿ ಹಳೇ ಫೋನು ಯಾರ ಹತ್ತಿರ? ಮಗಳು ಮಾತ್ರ ನನ್ನ ಕಡೆ ತಿರುಗಿ, “ಅಮ್ಮಾ, ನಿನ್ ಫೋನ್ ಕೊಡು” ಎಂದಳು.

“ಚಾರ್ಜ್ ಇಲ್ಲ ಕಣೆ” ಎಂದೆ.

“ಈಗ ತಾನೇ ಅಪ್ಪಂಗೆ ಮಾಡಿದ್ಯಲ್ಲ?”

ಕೊಟ್ಟೆ. ಒತ್ತಿದಳು. ಬಿಳೀ ಪರದೆ. ಅಷ್ಟು ಜನ ಸೇರಿದ ಕಡೆ ಸಿಗ್ನಲ್ಲು ನಮ್ಮೂರಿನಷ್ಟೇ ಬಡಕಲು. ಅವಳು ಕೈಗಡಿಯಾರ ನೋಡುತ್ತಾ ಕೂತಳು. ಹತ್ತು, ಇಪ್ಪತ್ತು, ಮೂವತ್ತು... ಗೋಪುರ ಪೂರ್ತಿ ಕಾಣುವ ಹೊತ್ತಿಗೆ ನಲವತ್ತೊಂದು ಸೆಕೆಂಡು. ಸುತ್ತ ಯಾರೂ ನೋಡುತ್ತಿರಲಿಲ್ಲ, ಆದರೂ ಅವಳ ಮುಖ ಕೆಂಪೇರಿತು.

“ಊರಲ್ಲೂ ಹಿಂಗೇನಾ?”

“ಹೂಂ.”

“ಮೊದಲಿನಿಂದ್ಲೂನಾ?”

“ಹೂಂ ಕಣೆ.”

“ಮತ್ತೆ ಚೆನ್ನಾಗಿದೆ ಅಂದ್ಯಲ್ಲಮ್ಮ...”

ನಾನು ಏನು ಹೇಳಲಿ? ಊಟದ ಹೊತ್ತಿನಲ್ಲಿ ಅವಳು ಮಾತಾಡಲಿಲ್ಲ. ತಟ್ಟೆಯಲ್ಲಿ ಅನ್ನ ಕಲೆಸಿಕೊಂಡು ಕೂತಿದ್ದಳು. ಚೀಲದಲ್ಲಿ ಒಯ್ದಿದ್ದ ಚಕ್ಕುಲಿಯನ್ನು ಅವಳ ಸ್ನೇಹಿತರಿಗೆ ಹಂಚಿದೆ. ಅವರು ಖುಷಿಯಿಂದ ತಿಂದರು, ಇವಳು ಮುಟ್ಟಲಿಲ್ಲ. ಕೊನೆಗೆ ಹೇಳಿದಳು: “ಆಫೀಸಲ್ಲಿ ತಪ್ಪು ತೋರಿಸೋಕೆ ಹತ್ತು ಜನ ಇದಾರಮ್ಮ. ನೀನೂ ಒಬ್ಬಳು ತೋರಿಸಿದ್ರೆ ನಂಗೇನಾಗ್ತಿತ್ತು? ಒಂದು ವರ್ಷ ನಿನ್ ವ್ಯಾಪಾರ ಹೋಯ್ತು.” ಅವಳಿಗೆ ನೋವಾಗಬಾರದೆಂದು ಮಾಡಿದ್ದು ಅವಳಿಗೇ ಹೆಚ್ಚು ನೋವಾಯಿತು. ಅವಳು ಗಟ್ಟಿಯಿಲ್ಲ ಎಂದು ನಾನು ತಿಳಿದೆನೆಂದು ಅವಳ ಸಂಕಟ. ನಾವು ತಾಯಂದಿರು ಮಕ್ಕಳ ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಹೇಳಲು ಹಿಂದೆಮುಂದೆ ನೋಡುವುದಿಲ್ಲ. ಈ ಹೊಸ ವಿದ್ಯೆಯ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ, ‘ನಮಗೇನು ತಿಳಿಯುತ್ತೆ’ ಎಂದು.

ಬೆಂಗಳೂರಿನ ಕೋಣೆಗೆ ಹೋಗಬೇಕಿದ್ದವಳು ಆ ಸಂಜೆ ನನ್ನ ಜೊತೆಗೇ ಬಸ್ಸು ಹತ್ತಿದಳು. ಯಲಹಂಕ ದಾಟುವ ತನಕ ಕಿಟಕಿಯ ಆಚೆಯೇ ನೋಡುತ್ತಿದ್ದಳು. ಆಮೇಲೆ ತಾನೇ ಮಾತು ತೆಗೆದು, “ಕನ್ನಡದ್ದೂ ಒಂದು ಪಾಲಿದೆ ಕಣಮ್ಮ” ಎಂದಳು. ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಂತೆ. ‘ಕಾ’ ಎಂದರೆ ಕಕಾರ ಒಂದು, ದೀರ್ಘ ಒಂದು, ಒಟ್ಟು ಆರು. ಆದರೆ ಅದು ಹಿಂಡಿ ಕಳಿಸುವಾಗ ಬಹಳ ಮಟ್ಟಿಗೆ ಇಳಿಯುತ್ತದಂತೆ. ನಿಜವಾದ ಭಾರ ಅಕ್ಷರಶೈಲಿಯದು. ಒತ್ತಕ್ಷರ, ಗುಣಿತಾಕ್ಷರಗಳಿಂದಾಗಿ ನಮ್ಮಲ್ಲಿ ಅಕ್ಷರದ ಆಕಾರಗಳು ಬಹಳ. ಹಾಗಾಗಿ ಕನ್ನಡದ ಫಾಂಟು ಇಂಗ್ಲಿಷಿನದಕ್ಕಿಂತ ಸಾಮಾನ್ಯವಾಗಿ ದಪ್ಪ. ಆ ಬಳುಕುವ ಅಕ್ಷರ ಬಂದಿಳಿಯುವ ತನಕ ಪದಗಳೇ ಕಾಣದಂತೆ ಇವಳು ಮಾಡಿಟ್ಟಿದ್ದಳು.

ಮರುದಿನ ಭಾನುವಾರ ದೇವಸ್ಥಾನಕ್ಕೆ ಹೋದೆವು. ನಮ್ಮ ಗುಡಿಯಲ್ಲಿ ಒಂದು ವಿಶೇಷವಿದೆ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯಸ್ವಾಮಿ, ಹಿಂದೆ ನರಸಿಂಹಸ್ವಾಮಿ. ಹಿಂದಿನ ಸ್ವಾಮಿಯನ್ನು ನೋಡಲೆಂದು ಹಿಂಬದಿಯಲ್ಲಿ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಮಗಳು ಬಹಳ ಹೊತ್ತು ಕನ್ನಡಿಯನ್ನೇ ನೋಡುತ್ತಾ ನಿಂತಿದ್ದಳು. ಹೊರಗೆ ಬಂದವಳೇ, “ನಿನ್ ಫೋನ್ ನಂಗೆ ಬೇಕು, ಇವತ್ತೆಲ್ಲಾ” ಎಂದಳು.

ನಡುಮನೆಯಲ್ಲಿ ಕೂತು ಒಂದೊಂದೇ ಕಳಚಿದಳು. ಮೊದಲು ಮಲ್ಲಿಗೆ ಹೂವು ಹೋಯಿತು. ಬಳುಕುವ ಅಕ್ಷರ ಹೋಗಿ ಫೋನಿನಲ್ಲೇ ಇರುವ ಅಕ್ಷರ ಬಂತು. ನನ್ನ ವೀಡಿಯೊ ತಾನಾಗಿ ಓಡುವುದು ನಿಂತು, ಬೇಕಾದವರು ಒತ್ತಿದರೆ ಮಾತ್ರ ಓಡುವಂತಾಯಿತು. ವೆಬ್‌ಸೈಟು ಇದ್ದದ್ದು ಅಮೆರಿಕದ ಯಾವುದೋ ಊರಿನ ಯಂತ್ರದಲ್ಲಂತೆ. ಅಲ್ಲಿಗೊಮ್ಮೆ ಹೋಗಿಬರಲು ಸುಮಾರು ಕಾಲು ಸೆಕೆಂಡು, ಮೊದಲ ಅಕ್ಷರ ಬರುವ ಮುನ್ನವೇ ಅಂಥ ಹಲವು ಓಡಾಟ. ಅದನ್ನು ಮುಂಬಯಿಗೆ ತಂದಳು. ನಮ್ಮೆಜಮಾನರು ಕಾಫಿ ಲೋಟ ಹಿಡಿದು, “ಅಮೆರಿಕಕ್ಕೆ ಹೋಗಿ ಬರ್ತಿತ್ತಾ ನಮ್ ಹಪ್ಪಳ?” ಎಂದು ಬಾಯಿಬಿಟ್ಟರು.

ಅತ್ತೆಯವರ ಫೋಟೊಗೆ ಬಂದಾಗ ಕೈ ನಿಂತಿತು. ಅದೊಂದೇ ಆರು ಮೆಗಾಬೈಟು. “ಅಜ್ಜೀನ ತೆಗೆಯಲ್ಲ” ಎಂದಳು. ನಾನೂ ತೆಗೆ ಎನ್ನಲಿಲ್ಲ. ಅಳತೆ ತಗ್ಗಿಸಿ, ರೂಪ ಬದಲಿಸಿ, ಮತ್ತೆ ಮತ್ತೆ ನನಗೆ ತೋರಿಸಿ, “ಬಳೆ ಕಾಣ್ತಿದ್ಯಾ? ಕೈ ಮೇಲಿನ ಹಚ್ಚೆ ಕಾಣ್ತಿದ್ಯಾ?” ಎಂದು ಕೇಳುತ್ತಿದ್ದಳು. ಒಂದು ಸಲ ಬಹಳ ಇಳಿಸಿ ಹಚ್ಚೆ ಮಸುಕಾಯಿತು, “ಇದು ಬೇಡ ಕಣೆ, ಕೆಟ್ಟಿದೆ” ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು. ಕೊನೆಗೆ ತೊಂಬತ್ತು ಕಿಲೋಬೈಟಿಗೆ ಅತ್ತೆಯವರು ನಿಂತರು, ಹಚ್ಚೆಯ ಸಮೇತ.

ಹನ್ನೊಂದು ಮೆಗಾಬೈಟಿದ್ದ ಪುಟ ಅರ್ಧ ಮೆಗಾಬೈಟಾಯಿತು. ಸಂಜೆ ಅಂಗಡಿಯ ಮುಂದೆ ನಿಂತು ನನ್ನ ಫೋನಿನಲ್ಲೇ ತೆರೆದೆವು. ಅವಳು ಎಣಿಸಿದಳು. ನಾಲ್ಕು ಎನ್ನುವುದರೊಳಗೆ ಅತ್ತೆಯವರು ಬಂದು ಕೂತಿದ್ದರು. ಎರಡೂವರೆಗೆ ಇನ್ನೂ ಇಳಿಸಬೇಕೆಂದು ಅವಳ ಹಟ. ನಿಮ್ಮ ಮನೆಯಲ್ಲೂ ಮಕ್ಕಳು ಇಂಥದ್ದು ಮಾಡಿಕೊಟ್ಟಿದ್ದರೆ, ಮನೆಯ ಅತಿ ಹಳೆಯ ಫೋನಿನಲ್ಲಿ, ಸಿಗ್ನಲ್ಲಿಲ್ಲದ ಮೂಲೆಯಲ್ಲಿ ನಿಂತು ತೆರೆದು ನೋಡಿ. ನೋಡಿದ್ದನ್ನು ನನ್ನ ಹಾಗೆ ನುಂಗಿಕೊಳ್ಳಬೇಡಿ.

ಆಮೇಲಿನ ಷಷ್ಠಿ ಜಾತ್ರೆಯ ವಾರ ವೆಬ್‌ಸೈಟಿನಿಂದ ಇಪ್ಪತ್ತಾರು ಆರ್ಡರು ಬಂತು. ಕಟ್ಟಿ ಕಳಿಸಲು ಇವರೇ ರಟ್ಟಿನ ಡಬ್ಬಿ ಹುಡುಕಿ ತಂದರು. ‘ಏನು ಲಟ್ಟಿಸ್ತೀಯ’ ಎಂದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ತುಮಕೂರಿನ ಆ ಹಿರಿಯರಿಗೆ ಮಾತ್ರ ನಾನೇ ಫೋನು ಮಾಡಿ, “ಅಮ್ಮಾ, ಈಗ ವೆಬ್‌ಸೈಟು ಬೇಗ ತೆರೆಯುತ್ತೆ, ನೋಡಿ” ಎಂದೆ.

“ನೋಡಿದೆ ತಾಯಿ, ನಿಮ್ಮತ್ತೆ ಫೋಟೊ ಲಕ್ಷಣವಾಗಿದೆ” ಎಂದರು. “ಆದ್ರೂ ನಿಂಗೇ ಹೇಳ್ತೀನಿ, ಬರ್ಕೋ. ಹಪ್ಪಳ ಎರಡು ಕಟ್ಟು, ಬಾಳಕ ಕಾಲು ಕೇಜಿ. ಮತ್ತೆ, ಮಗಳಿಗೆ ಗಂಡು ನೋಡ್ತಿದೀಯಾ?”